ಕೆರೆ ಯಾರ ಲೆಕ್ಕದಲ್ಲಿದೆ? ಚರಂಡಿ ಯಾರ ಲೆಕ್ಕದಲ್ಲಿದೆ?

ಪೋಸ್ಟು ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ತಿಂಗಳು ನಮ್ಮ ಕೇರಿಯ ಹುಡುಗನೊಬ್ಬ ಆರ್‌ಟಿಐ ಹಾಕಿ ತೆಗೆಸಿದ ಹಾಳೆಗಳನ್ನ ಮನೆಗೆ ತಂದ. ಪರಿಶಿಷ್ಟ ಜಾತಿ ಉಪಯೋಜನೆಯ ಹಣದಲ್ಲಿ ನಮ್ಮ ಕೇರಿಗೆ ಸಿಮೆಂಟ್ ಚರಂಡಿ ಆಗಿದೆ ಅಂತ ಅದರಲ್ಲಿದೆ. ಕಾಮಗಾರಿ ಪೂರ್ಣ, ಬಿಲ್ ಪಾವತಿ, ಫೋಟೋ ಲಗತ್ತು. ಫೋಟೋದಲ್ಲಿರೋ ಚರಂಡಿ ಬಸ್ ಸ್ಟ್ಯಾಂಡ್ ಹತ್ತಿರದ್ದು. ಹಿಂದೆ ನಿಂತಿರೋ ಅರಳಿಮರ ನಮಗೆ ಗೊತ್ತಾಗಲ್ವಾ? ನಮ್ಮ ಕೇರೀಲಿ ಇವತ್ತಿಗೂ ಬಚ್ಚಲ ನೀರು ಮನೆ ಮುಂದೇನೇ ನಿಲ್ಲುತ್ತೆ.

"ಅಣ್ಣ, ದುಡ್ಡು ನಮ್ಮ ಹೆಸರಲ್ಲಿ ಖರ್ಚಾಗಿದೆ. ಇದನ್ನ ಮೇಲೆ ಯಾರಾದ್ರೂ ನೋಡ್ತಾರಾ?" ಅಂತ ಕೇಳಿದ.

"ನೋಡ್ತಾರಪ್ಪ, ಅದಕ್ಕೇ ಅಂತ ಸಮಿತಿಗಳಿವೆ" ಅಂದೆ. ಅಂದ ಮೇಲೆ ನನಗೇ ಸಮಾಧಾನ ಆಗಲಿಲ್ಲ. ಸಮಿತಿಗಳು ನೋಡಿ ಏನು ಮಾಡಿವೆ ಇಷ್ಟು ವರ್ಷ? ಅವನಿಗೆ ಹೇಳಬೇಕಾಗಿದ್ದ ಉತ್ತರ ಇದು.

ಮೊದಲು ಮಹಾಡ್‌ಗೆ ಹೋಗೋಣ. ಚವದಾರ್ ಕೆರೆ ನೀರು ಮುಟ್ಟಿದ ಕತೆ ನಮಗೆಲ್ಲ ಬಾಯಿಪಾಠ. ಆದರೆ ಆ ಕತೆಯ ಬುಡದಲ್ಲಿ ಒಂದು ಲೆಕ್ಕದ ಮಾತಿದೆ, ಅದನ್ನ ನಾವು ಭಾಷಣಗಳಲ್ಲಿ ಬಿಟ್ಟೇ ಬಿಡ್ತೀವಿ. 1923ರ ಆಗಸ್ಟ್‌ನಲ್ಲಿ ಬಾಂಬೆ ಶಾಸನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆಯವರು ತಂದ ಠರಾವು ಪಾಸಾಯಿತು. ಸಾರ್ವಜನಿಕ ಹಣದಿಂದ ಕಟ್ಟಿಸಿದ, ಸಾರ್ವಜನಿಕ ಹಣದಿಂದ ನಡೆಯುವ ಕೆರೆ, ಬಾವಿ, ಧರ್ಮಶಾಲೆಗಳನ್ನ ಅಸ್ಪೃಶ್ಯರು ಬಳಸಬಹುದು ಅನ್ನೋದು ಅದರ ಸಾರ. ಗಮನಿಸಿ, ದಯೆ ತೋರಿಸಿ ಅಂತ ಅಲ್ಲ ಆ ಠರಾವು ಹೇಳಿದ್ದು. ದುಡ್ಡು ಎಲ್ಲರದು, ಹಾಗಾಗಿ ನೀರೂ ಎಲ್ಲರದು ಅಂತ. ಮೂರು ವರ್ಷ ಬಿಟ್ಟು ಅದೇ ಬೋಲೆಯವರು ಇನ್ನೊಂದು ಠರಾವು ಮಂಡಿಸಿದರು: ಇದನ್ನ ಜಾರಿ ಮಾಡದ ಪುರಸಭೆಗಳಿಗೆ, ಲೋಕಲ್ ಬೋರ್ಡುಗಳಿಗೆ ಸರ್ಕಾರದ ಅನುದಾನ ಕೊಡಬೇಡಿ.

ಮಹಾಡ್ ಪುರಸಭೆ 1924ರಲ್ಲಿ ಕೆರೆಯನ್ನ ಎಲ್ಲರಿಗೂ ತೆರೆದಿದ್ದೇವೆ ಅಂತ ಬರೆದುಕೊಂಡಿತು. ಕಾಗದದಲ್ಲಿ ಮಾತ್ರ. ನಮ್ಮ ಚರಂಡಿ ಥರಾನೇ. ಕಾಗದದಲ್ಲಿದ್ದ ಹಕ್ಕನ್ನ ಕೆರೆ ದಂಡೆವರೆಗೂ ನಡೆಸಿಕೊಂಡು ಹೋಗೋಕೆ 1927ರ ಮಾರ್ಚ್ 20ರಂದು ಬಾಬಾಸಾಹೇಬರೇ ಬರಬೇಕಾಯಿತು. ಆಮೇಲೆ ಹೊಡೆದರು, ಕೆರೆಯನ್ನ ಶುದ್ಧಿ ಮಾಡಿದರು, ಆಗಸ್ಟ್‌ನಲ್ಲಿ ಪುರಸಭೆ ತನ್ನ ಠರಾವನ್ನೇ ವಾಪಸ್ ತಗೊಂಡಿತು. ಕೊನೆಗೆ ಸವರ್ಣೀಯರು ಕೋರ್ಟಿಗೆ ಹೋಗಿ ಹಾಕಿದ ವಾದ ಏನು ಗೊತ್ತಾ? ಕೆರೆ ಸಾರ್ವಜನಿಕ ಅಲ್ಲ, ಖಾಸಗಿ ಅಂತ. ಜಾತಿ ಮಾತು ಬಿಟ್ಟು ಲೆಕ್ಕದ ಪುಸ್ತಕಕ್ಕೇ ಕೈ ಹಾಕಿದರು. 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದಿದ್ದು ನಾವು. ಹತ್ತು ವರ್ಷ ಹಿಡೀತು.

ಮಹಾಡ್‌ಗೆ ಹೋಗುವ ಒಂದು ತಿಂಗಳ ಮುಂಚೆಯಷ್ಟೇ ಬಾಬಾಸಾಹೇಬರು ಬಾಂಬೆ ಪರಿಷತ್ತಿನಲ್ಲಿ ಬಜೆಟ್ ಮೇಲೆ ಮಾತಾಡಿದ್ದರು. ಆದಾಯ ತೆರಿಗೆಗೆ ಇಷ್ಟಕ್ಕಿಂತ ಕಡಿಮೆ ಇದ್ದರೆ ಮಾಫಿ ಅಂತ ಇದೆ, ಬಡ ರೈತನ ಕಂದಾಯಕ್ಕೆ ಯಾಕಿಲ್ಲ ಅನ್ನೋದು ಅವರ ಪ್ರಶ್ನೆ. ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸಿನ ಬಗ್ಗೆ ಅವರು ಬರೆದ ಪುಸ್ತಕ 1925ರಲ್ಲೇ ಬಂದಿತ್ತು. ಫೆಬ್ರವರಿಯಲ್ಲಿ ಬಜೆಟ್, ಮಾರ್ಚ್‌ನಲ್ಲಿ ಕೆರೆ. ನಾವು ಆ ಎರಡನೇದರ ಫೋಟೋ ಮಾತ್ರ ಗೋಡೆಗೆ ಹಾಕ್ತೀವಿ.

ಸಮಿತಿ ವಿಷಯಕ್ಕೆ ಬರ್ತೀನಿ. ಸಾರ್ವಜನಿಕ ಲೆಕ್ಕಪತ್ರ ಸಮಿತಿ ನಮ್ಮ ದೇಶದಲ್ಲಿ ಶುರುವಾಗಿದ್ದು 1921ರಲ್ಲಿ. ಆಗ ಅದರ ಅಧ್ಯಕ್ಷ ಯಾರು? ವೈಸರಾಯ್ ಸರ್ಕಾರದ ಹಣಕಾಸು ಸದಸ್ಯನೇ. ಖರ್ಚು ಮಾಡಿದವನೇ ಲೆಕ್ಕ ನೋಡುವವನು, ಕಳ್ಳನ ಕೈಗೇ ಬೀಗದ ಕೈ ಕೊಟ್ಟಂಗೆ. ಸಂವಿಧಾನ ಬಂದ ಮೇಲೆ ಅದು ಸ್ಪೀಕರ್ ಅಡಿಗೆ ಬಂತು. ಇವತ್ತು 22 ಜನ ಸದಸ್ಯರು, ಲೋಕಸಭೆಯ 15, ರಾಜ್ಯಸಭೆಯ 7. ಮಂತ್ರಿ ಆದವರು ಅದರಲ್ಲಿ ಇರುವಂತಿಲ್ಲ. 1967ರಿಂದ ವಿರೋಧ ಪಕ್ಷದವರಿಗೇ ಅಧ್ಯಕ್ಷಗಿರಿ ಕೊಡುವ ರೂಢಿ ಇದೆ. ಸಿಎಜಿ ವರದಿ ಸದನದಲ್ಲಿ ಮಂಡನೆಯಾಗಿ ಈ ಸಮಿತಿಗೆ ಹೋಗುತ್ತೆ, ಇಲಾಖೆ ಕಾರ್ಯದರ್ಶಿಗಳನ್ನ ಕೂರಿಸಿ ಕೇಳ್ತಾರೆ, ಶಿಫಾರಸು ಬರೀತಾರೆ, ಇಲಾಖೆ ಏನು ಕ್ರಮ ತಗೊಂಡೆ ಅಂತ ಉತ್ತರ ಕೊಡಬೇಕು. ಸಂವಿಧಾನ ಸಭೆಯಲ್ಲಿ 1949ರ ಮೇ ತಿಂಗಳಲ್ಲಿ ಬಾಬಾಸಾಹೇಬರು, ಸಂವಿಧಾನದಲ್ಲಿ ಬಹುಶಃ ಎಲ್ಲರಿಗಿಂತ ಮುಖ್ಯವಾದ ಅಧಿಕಾರಿ ಅಂದರೆ ಈ ಮಹಾಲೇಖಪಾಲನೇ, ಅವನ ಕೆಲಸ ನ್ಯಾಯಾಂಗದ ಕೆಲಸಕ್ಕಿಂತ ದೊಡ್ಡದು ಅನ್ನೋ ಅರ್ಥದ ಮಾತು ಹೇಳಿದರು.

ಆದರೆ ಒಂದು ಮಿತಿ ಇದೆ, ಮುಚ್ಚಿಡೋದು ಬೇಡ. ಈ ಸಮಿತಿ ನೋಡೋದು ದುಡ್ಡು ಖರ್ಚಾದ ಮೇಲೆ. ಹೆಣ ಕೊಯ್ಯೋ ಡಾಕ್ಟ್ರ ಕೆಲಸ ಅದು. ಯಾರಿಗೂ ಶಿಕ್ಷೆ ಕೊಡೋ ಅಧಿಕಾರ ಅದಕ್ಕಿಲ್ಲ.

ನಮಗೆ ಅಂತಾನೇ ಬೇರೆ ಸಂಸದೀಯ ಸಮಿತಿ, ಎಸ್‌ಸಿ-ಎಸ್‌ಟಿ ಕಲ್ಯಾಣ ಸಮಿತಿ, ಬಂದಿದ್ದು 1968ರಲ್ಲಿ. ನಮ್ಮ ಪಾಲಿನ ಹಣಕ್ಕೆ ಬೇರೆ ಖಾತೆ ಬಂದಿದ್ದು ಇನ್ನೂ ತಡವಾಗಿ: 1970ರ ದಶಕದ ನಡುವೆ ಗಿರಿಜನ ಉಪಯೋಜನೆ, ದಶಕದ ಕೊನೆಗೆ ಪರಿಶಿಷ್ಟ ಜಾತಿಗಳ ವಿಶೇಷ ಘಟಕ ಯೋಜನೆ.

ಈಗ ನನಗೆ ತುಂಬಾ ಮುಖ್ಯ ಅನಿಸೋ ಕತೆ. 1992ರಲ್ಲಿ ಕೇಂದ್ರ ಸರ್ಕಾರ ಮಲ ಹೊರುವವರ ವಿಮೋಚನೆ ಮತ್ತು ಪುನರ್ವಸತಿ ಯೋಜನೆ ತಂತು. ಮರುವರ್ಷ ನಿಷೇಧ ಕಾಯ್ದೆಯೂ ಬಂತು. ಹತ್ತು ವರ್ಷ ಆದ ಮೇಲೆ, 2003ರಲ್ಲಿ, ಸಿಎಜಿ ವರದಿ ಹೇಳಿದ್ದು ಇಷ್ಟು: 600 ಕೋಟಿಗೂ ಹೆಚ್ಚು ಖರ್ಚಾಗಿದೆ, ಯೋಜನೆ ಸೋತಿದೆ. ಕಕ್ಕಸು ಬದಲಾಯಿಸೋ ಕೆಲಸ ಒಂದು ಇಲಾಖೆಗೆ, ಜನಕ್ಕೆ ಬೇರೆ ಬದುಕು ಕೊಡೋದು ಇನ್ನೊಂದಕ್ಕೆ. ಇಬ್ಬರಿಗೂ ಪರಸ್ಪರ ಸಂಬಂಧವೇ ಇಲ್ಲ. ಬಿಡುಗಡೆ ಆದವರಿಗೇ ಪುನರ್ವಸತಿ ಸಿಕ್ಕಿದೆ ಅನ್ನೋಕೆ ಪುರಾವೆ ಇಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು ಅಂತ ವರದಿ ಗುರುತಿಸಿದ್ದು, ಕೈಯಲ್ಲಿದ್ದ ನಿಷೇಧ ಕಾಯ್ದೆಯನ್ನ ಬಳಸದೇ ಇದ್ದಿದ್ದನ್ನ.

ಈ ಥರದ ಎಷ್ಟು ವರದಿಗಳು ಕಪಾಟಲ್ಲಿ ಗೆದ್ದಲು ಹಿಡಿದಿಲ್ಲ? ಇದು ಹಿಡೀಲಿಲ್ಲ. ಯಾಕಂದ್ರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಸಫಾಯಿ ಕರ್ಮಚಾರಿ ಆಂದೋಲನ ಮತ್ತು ಜೊತೆಗಾರರು ಸುಪ್ರೀಂ ಕೋರ್ಟಿಗೆ ಹೋದರು. ಆಂದೋಲನದ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನವರು, ಅದೇ ಕೆಲಸ ಮಾಡುತ್ತಿದ್ದ ಮನೆಯಲ್ಲಿ ಹುಟ್ಟಿದವರು. ನಮ್ಮಲ್ಲಿ ಈ ಪದ್ಧತಿಯೇ ಇಲ್ಲ ಅಂತ ಒಂದೊಂದೇ ರಾಜ್ಯ ಅಫಿಡವಿಟ್ ಹಾಕಿತು. ಇವರು ಊರೂರು ಅಲೆದು ಕಕ್ಕಸುಗಳ ಫೋಟೋ, ಹೊರುವವರ ಹೇಳಿಕೆ ತಂದು ಇಟ್ಟರು. ಕೇಸು ನಡೀತಿರುವಾಗಲೇ, 2010ರ ಜುಲೈನಲ್ಲಿ, ನಮ್ಮದೇ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಜನ ಮಲವನ್ನ ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದ್ದು ನೆನಪಿದೆಯಲ್ವಾ. 2013ರಲ್ಲಿ ಹೊಸ ಕಾಯ್ದೆ, 2014ರ ಮಾರ್ಚ್ 27ಕ್ಕೆ ತೀರ್ಪು. 1993ರಿಂದ ಮ್ಯಾನ್‌ಹೋಲ್‌ಗಳಲ್ಲಿ ಸತ್ತವರ ಕುಟುಂಬಕ್ಕೆ ತಲಾ 10 ಲಕ್ಷ. 2023ರಲ್ಲಿ ಕೋರ್ಟು ಅದನ್ನ 30 ಲಕ್ಷಕ್ಕೆ ಏರಿಸಿತು. ಸಾವು ನಿಂತಿಲ್ಲ, ಅದು ಬೇರೆ ಮಾತು. ಆದರೆ ಸರ್ಕಾರದ್ದೇ ಆಡಿಟರ್ ಬರೆದಿದ್ದನ್ನ ಓದಿ, ಅದರ ಪಕ್ಕ ಫೋಟೋ ಇಟ್ಟವರು ನಮ್ಮವರು. ಎರಡೂ ಸೇರಿದಾಗ ಅಫಿಡವಿಟ್ಟಿನ ಸುಳ್ಳು ನಿಲ್ಲಲಿಲ್ಲ.

ದೆಹಲಿಯದೂ ಹೆಚ್ಚುಕಮ್ಮಿ ಇದೇ. ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಪರಿಶಿಷ್ಟರ ಹಣ 744 ಕೋಟಿ ತಿರುಗಿಸಿದ್ದಾರೆ ಅಂತ 2010ರಲ್ಲಿ ಹೊರಗೆ ಬಂದಿದ್ದು ಆರ್‌ಟಿಐನಿಂದ. ಅದು ಸಂಸತ್ತಿನಲ್ಲಿ ಗಲಾಟೆಯಾದ ಮೇಲೆ ಗೃಹಮಂತ್ರಿ ಚಿದಂಬರಂ ರಾಜ್ಯಸಭೆಯಲ್ಲಿ ಹಣ ತಿರುಗಿಸಿದ್ದು ತಪ್ಪು ಅಂತ ಒಪ್ಪಿಕೊಳ್ಳಬೇಕಾಯ್ತು.

ನಮ್ಮ ರಾಜ್ಯದ ಕಾಯ್ದೆ ಬಂದಿದ್ದು 2013ರಲ್ಲಿ, ಆಂಧ್ರದ ಹಿಂದೆ ಹಿಂದೆಯೇ. ಜನಸಂಖ್ಯೆಗೆ ತಕ್ಕಂತೆ 24.1 ಶೇಕಡಾ ನಮ್ಮ ಪಾಲು. ಒಳ್ಳೆ ಕಾಯ್ದೆ, ಆದರೆ ಒಳಗೇ ಒಂದು ಕಿಂಡಿ ಇಟ್ಟಿದ್ದರು, 7(ಡಿ). ಎಲ್ಲರೂ ಓಡಾಡೋ ರಸ್ತೆಗೆ ಹಾಕಿದ ಹಣದಲ್ಲೂ ಒಂದು ಪಾಲನ್ನ ನಮಗೇ ಖರ್ಚು ಮಾಡಿದ್ದು ಅಂತ ಬರೆದುಕೊಳ್ಳಬಹುದಿತ್ತು. ನಾವೆಲ್ಲ ಫ್ರೀಡಂ ಪಾರ್ಕಿನಲ್ಲಿ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡ ಮೇಲೆ 2023ರಲ್ಲಿ ಅದನ್ನ ತೆಗೆದರು. ತೆಗೆದ ವರ್ಷವೇ ಗ್ಯಾರಂಟಿಗಳಿಗೆ ನಮ್ಮ ಖಾತೆಯಿಂದ 11,144 ಕೋಟಿ, ಮರುವರ್ಷ 14,282 ಕೋಟಿ. ಗೃಹಲಕ್ಷ್ಮಿ ದುಡ್ಡು ನಮ್ಮವ್ವನಿಗೂ ಬರುತ್ತೆ, ಬಿಪಿ ಮಾತ್ರೆ ಅದರಲ್ಲೇ ತರ್ತಾಳೆ, ನಾನು ಇಲ್ಲ ಅನ್ನಲ್ಲ. ಪರಿಶಿಷ್ಟ ಫಲಾನುಭವಿಗಳಿಗೇ ಆ ಹಣ ಕೊಟ್ಟಿದ್ದೀವಿ ಅಂತಾರೆ ಸರ್ಕಾರದವರು, ಸರಿ. ಆದರೆ ಪಕ್ಕದ ಬೀದಿ ಗೌಡ್ರ ಮನೆಯಮ್ಮನಿಗೆ ಅದೇ 2,000 ಸಾಮಾನ್ಯ ಖಾತೆಯಿಂದ ಬರುತ್ತೆ, ನಮ್ಮವ್ವನಿಗೆ ಮಾತ್ರ ನಮ್ಮ ಕೇರಿ ಚರಂಡಿ ಖಾತೆಯಿಂದ ಯಾಕೆ? ಈ ಪಕ್ಷ ಆ ಪಕ್ಷ ಅಂತ ಕಾಮೆಂಟಲ್ಲಿ ಶುರು ಮಾಡಬೇಡಿ. 7(ಡಿ) ಕಿಂಡಿಯಲ್ಲಿ ಕೈ ಹಾಕದ ಪಕ್ಷ ಯಾವುದಿದೆ ಹೇಳಿ.

ಆ ಹುಡುಗನಿಗೆ ಇದನ್ನೆಲ್ಲ ಹೇಳ್ತಾ ಕೂತಿದ್ದೆ. ಅವನು ಎದ್ದು ಹೋಗಿ ಮೇಸ್ತ್ರಿ ಹತ್ರ ಟೇಪು ಇಸ್ಕೊಂಡು ಬಂದ. ಚರಂಡಿ ಆಗಿದೆ ಅಂತ ಬರೆದಿರೋ ಜಾಗವನ್ನ ಕೇರಿ ಬಾಯಿಂದ ಕೊನೇ ಮನೆವರೆಗೂ ಅಳೆದು, ಹತ್ತು ಹೆಜ್ಜೆಗೊಂದು ಫೋಟೋ ತೆಗೆದ್ವಿ. ಹೆಣ್ಣುಮಕ್ಕಳು ಕೊಡ ಹಿಡ್ಕೊಂಡು ಫೋಟೋಗೆ ಬಂದು ನಿಂತರು, ಬೇಡ ಅಂದ್ರೂ ಕೇಳಲಿಲ್ಲ. ಅರ್ಜಿ ಮೂರು ಪ್ರತಿ ಆಗಿದೆ. ಒಂದು ಜಿಲ್ಲಾ ಪಂಚಾಯಿತಿ ಸಿಇಓಗೆ, ಒಂದು ಮಹಾಲೇಖಪಾಲರ ಕಚೇರಿಗೆ, ಇನ್ನೊಂದು ವಿಧಾನಮಂಡಲದ ಸ್ಥಳೀಯ ಸಂಸ್ಥೆಗಳ ಮತ್ತು ಪಂಚಾಯತ್ ರಾಜ್ ಸಮಿತಿಗೆ. ಸೋಮವಾರ ಸ್ಪೀಡ್ ಪೋಸ್ಟಿಗೆ ಹಾಕ್ತೀವಿ. ಉತ್ತರ ಬಂದರೂ ಬರದಿದ್ದರೂ ಇಲ್ಲೇ ಹಾಕ್ತೀನಿ.