ಉಬ್ಬರವನ್ನು ಕಾಯ್ದ ವಿಮಾನಗಳು

ಆಸ್ಟ್ರೇಲಿಯಾದ ಸಿಡ್ನಿ ನಗರದಿಂದ ಈಶಾನ್ಯಕ್ಕೆ ಸುಮಾರು 480 ಮೈಲಿ ದೂರದಲ್ಲಿ, ಟ್ಯಾಸ್ಮನ್ ಸಮುದ್ರದ ನಡುವೆ, ಲಾರ್ಡ್ ಹೌ ಎಂಬ ಪುಟ್ಟ ದ್ವೀಪವೊಂದುಂಟು. ಅದರ ಉದ್ದ ಆರು ಮೈಲಿಗೆ ಸ್ವಲ್ಪ ಹೆಚ್ಚು; ಅಗಲ ಅದಕ್ಕಿಂತ ಬಹಳ ಕಡಿಮೆ. ದಕ್ಷಿಣದ ತುದಿಯಲ್ಲಿ ಗೋಡೆಯಂತೆ ನಿಂತ ಎರಡು ಬೆಟ್ಟಗಳು. ಅವುಗಳಲ್ಲಿ ಎತ್ತರವಾದ ಗವರ್ ಬೆಟ್ಟವು ಸುಮಾರು 2,870 ಅಡಿ. ಪಶ್ಚಿಮದ ಮಗ್ಗುಲಿಗೆ ಹವಳದ ದಿಬ್ಬವು ಅಡ್ಡಲಾಗಿ ಹಬ್ಬಿ, ಅದರ ಒಳಗಡೆ ಶಾಂತವಾದ ಕೊಳವೊಂದು ಏರ್ಪಟ್ಟಿದೆ. ರಜೆಯನ್ನು ಕಳೆಯಲೆಂದು ಜನರು ವಿಮಾನವೇರಿ ಈ ದ್ವೀಪಕ್ಕೆ ಬರಲಾರಂಭಿಸಿದ ಚರಿತ್ರೆಯೆಲ್ಲವೂ ಆ ಕೊಳದ ನೀರಿನ ಏರಿಳಿತಕ್ಕೆ ಕಟ್ಟುಬಿದ್ದಿದ್ದಿತು.

1788ನೆಯ ಇಸವಿಯ ಫೆಬ್ರವರಿಯಲ್ಲಿ, ‘ಸಪ್ಲೈ’ ಎಂಬ ನೌಕೆಯ ಅಧಿಪತಿಯಾದ ಹೆನ್ರಿ ಲಿಡ್ಜ್‌ಬರ್ಡ್ ಬಾಲನು ಈ ದ್ವೀಪವನ್ನು ಮೊದಲು ಕಂಡನು. ಆಗ ಅಲ್ಲಿ ನರಸಂಚಾರವೇ ಇರಲಿಲ್ಲ. ಅವನು ದ್ವೀಪಕ್ಕೆ ನೌಕಾಪತಿಯಾದ ಹೌ ಪ್ರಭುವಿನ ಹೆಸರನ್ನಿಟ್ಟನು. ತನ್ನನ್ನೂ ಮರೆಯದೆ, ಒಂದು ಬೆಟ್ಟಕ್ಕೆ ಲಿಡ್ಜ್‌ಬರ್ಡ್ ಎಂದೂ ಸಮೀಪದ ಕಡಲಿನಿಂದ 1,800 ಅಡಿ ಎದ್ದ ಬಂಡೆಗೆ ಬಾಲನ ಪಿರಮಿಡ್ಡೆಂದೂ ಹೆಸರು ಬಂದಿತು. 1834ರಲ್ಲಿ ಜನವಸತಿ ಪ್ರಾರಂಭವಾಯಿತು. ಕೆಂಟಿಯಾ ಎಂಬ ತಾಳೆಯ ಜಾತಿಯ ಗಿಡದ ಬೀಜಗಳು ಯೂರೋಪಿನ ಶ್ರೀಮಂತರ ಮೊಗಸಾಲೆಗಳ ಅಲಂಕಾರಕ್ಕಾಗಿ ರಫ್ತಾಗುತ್ತಿದ್ದುವು. ಆ ವ್ಯಾಪಾರದಿಂದಲೇ ದ್ವೀಪದ ಜನರು ಬಹುಕಾಲ ಬಾಳಿದರು. ಪ್ರವಾಸಿಗಳು ಬರುತ್ತಿದ್ದುದು ಉಗಿಹಡಗಿನಲ್ಲಿ. 1918ರ ಜೂನ್ ತಿಂಗಳಲ್ಲಿ ಅಂತಹದೊಂದು ಹಡಗು, ‘ಮಕಾಂಬೋ’ ಎಂಬುದು, ನೆಡ್ಸ್ ದಂಡೆಯ ಬಳಿ ನೆಲಹತ್ತಿ ಒಂಬತ್ತು ದಿನ ನಿಂತಿತು. ಅದರಿಂದ ಇಳಿದ ಇಲಿಗಳು ಮುಂದಿನ ಕೆಲವು ವರ್ಷಗಳಲ್ಲಿ, ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದಿದ್ದ ಐದು ಬಗೆಯ ಹಕ್ಕಿಗಳನ್ನು ನಿರ್ವಂಶ ಮಾಡಿದುವು. ಹೊರಗಿನಿಂದ ಬರುವ ಒಂದೊಂದು ವಾಹನವೂ ಈ ನೆಲಕ್ಕೆ ಎಷ್ಟು ದುಬಾರಿಯಾಗಬಹುದೆಂಬುದು ಆಗ ತಿಳಿದುಬಂದಿತು.

ಆಕಾಶಮಾರ್ಗವಾಗಿ ಇಲ್ಲಿಗೆ ಬಂದವರಲ್ಲಿ ಮೊದಲಿಗನು ಫ್ರಾನ್ಸಿಸ್ ಚಿಚೆಸ್ಟರ್. 1931ರಲ್ಲಿ ಅವನು ನ್ಯೂಜಿಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಬ್ಬನೇ ಹಾರಬೇಕೆಂದು ಹೊರಟು, ತೇಲುವ ಕಾಲುಗಳನ್ನು ಜೋಡಿಸಿದ್ದ ತನ್ನ ಪುಟ್ಟ ‘ಜಿಪ್ಸಿ ಮಾತ್’ ವಿಮಾನವನ್ನು ಕೊಳದಲ್ಲಿ ಇಳಿಸಿದನು. ರಾತ್ರಿ ಎದ್ದ ಗಾಳಿಯು ಅದನ್ನು ಬುಡಮೇಲು ಮಾಡಿ ಮುಳುಗಿಸಿತು. ಬೇರೆಯವನಾಗಿದ್ದರೆ ಹಡಗು ಹತ್ತಿ ಹಿಂದಿರುಗುತ್ತಿದ್ದನು. ಚಿಚೆಸ್ಟರನಾದರೋ ಸಿಡ್ನಿಯಿಂದ ಬಿಡಿಭಾಗಗಳನ್ನು ತರಿಸಿ, ದ್ವೀಪದ ಜನರ ನೆರವಿನಿಂದ ವಾರಗಟ್ಟಲೆ ದುಡಿದು, ವಿಮಾನವನ್ನು ಮತ್ತೆ ಕಟ್ಟಿ ಹಾರಿಹೋದನು. ಒಂಟಿಯಾಗಿ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿ 1967ರಲ್ಲಿ ಕೀರ್ತಿಯನ್ನು ಪಡೆದ ಚಿಚೆಸ್ಟರನು ಇವನೇ.

ಎರಡನೆಯ ಮಹಾಯುದ್ಧವು ಮುಗಿದ ತರುವಾಯ, ಜಲಾಂತರ್ಗಾಮಿಗಳನ್ನು ಅರಸಲು ಬಳಸಿದ್ದ ಸಂಡರ್‌ಲೆಂಡ್ ಎಂಬ ಭಾರಿ ಜಲವಿಮಾನಗಳಿಗೆ ಕೆಲಸವಿಲ್ಲದಾಯಿತು. ಇವು ಹಡಗಿನ ಒಡಲೂ ನಾಲ್ಕು ಎಂಜಿನುಗಳ ರೆಕ್ಕೆಯೂ ಉಳ್ಳ ಯಂತ್ರಗಳು. ಅವುಗಳಲ್ಲಿ ಆಸನಗಳನ್ನು ಹಾಕಿ, 1947ರಿಂದ ಸಿಡ್ನಿಯ ರೋಸ್ ಬೇ ಎಂಬ ಕೊಲ್ಲಿಯಿಂದ ದ್ವೀಪಕ್ಕೆ ಕ್ರಮವಾದ ಸಂಚಾರವನ್ನು ಆರಂಭಿಸಿದರು. ಹಡಗಿನಲ್ಲಿ ಎರಡು ದಿನ ಹಿಡಿಯುತ್ತಿದ್ದ ಪ್ರಯಾಣವು ಮೂರು ಗಂಟೆಯ ಆಸುಪಾಸಿಗೆ ಇಳಿಯಿತು. ಗುಮಾಸ್ತನೂ ಉಪಾಧ್ಯಾಯನೂ ನವದಂಪತಿಗಳೂ ಒಂದು ವಾರದ ರಜೆಗೆ ಅಲ್ಲಿಗೆ ಹೋಗಿಬರುವುದು ಸಾಧ್ಯವಾಯಿತು.

ಆದರೆ ಹೊರಡುವ ಗಂಟೆಯನ್ನು ಗೊತ್ತುಮಾಡುತ್ತಿದ್ದವನು ಕಂಪೆನಿಯ ಅಧಿಕಾರಿಯಲ್ಲ, ಚಂದ್ರನು. ಕೊಳದ ಆಳವು ಕಡಿಮೆ; ತಳದಲ್ಲಿ ಹವಳದ ಮೊನೆಗಳು. ಉಬ್ಬರವಿದ್ದಾಗಲೇ ವಿಮಾನದ ಒಡಲಿಗೆ ಸಾಕಾಗುವಷ್ಟು ನೀರು ನಿಲ್ಲುತ್ತಿದ್ದಿತು. ಉಬ್ಬರವು ದಿನದಿನಕ್ಕೂ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುವುದಷ್ಟೆ. ಆದಕಾರಣ ವೇಳಾಪಟ್ಟಿಯೂ ಅದರ ಹಿಂದೆಯೇ ಸರಿಯುತ್ತಿದ್ದಿತು. ಒಮ್ಮೆ ನಡುಹಗಲು, ಮತ್ತೊಮ್ಮೆ ಬೆಳಗಿನ ಜಾವಕ್ಕೂ ಮುಂಚೆ. ಕತ್ತಲೆಯಲ್ಲಿ ಹೊರಡುವಾಗ ರೋಸ್ ಬೇಯ ನೀರಿನ ಮೇಲೆ ದೀಪಗಳನ್ನು ಸಾಲಾಗಿ ತೇಲಬಿಟ್ಟು, ಆ ಸಾಲನ್ನು ಹಿಡಿದು ವಿಮಾನವು ಏಳುತ್ತಿದ್ದಿತು. ಬೆಳಕು ಹರಿದಮೇಲೆ ದ್ವೀಪದ ಕೊಳವನ್ನು ಸೇರಿ, ಪ್ರಯಾಣಿಕರನ್ನು ದೋಣಿಗಳಿಗೆ ಇಳಿಸಿ, ನೀರು ಇಳಿಯುವ ಮೊದಲೇ ಮರಳಿ ಹಾರಬೇಕು. ಪಂಚಾಂಗವನ್ನು ನೋಡಿ ಪ್ರಯಾಣ ಹೊರಡುತ್ತಿದ್ದ ಹಿರಿಯರನ್ನು ಕಂಡು ನಗುವವರು, ಇಪ್ಪತ್ತನೆಯ ಶತಮಾನದ ಈ ವಿಮಾನಗಳೂ ತಿಥಿಯನ್ನು ಎಣಿಸುತ್ತಿದ್ದುವೆಂಬುದನ್ನು ಗಮನಿಸಬಹುದು.

ಈ ಕಟ್ಟುಪಾಡು ವಿಮಾನದವರಿಗೆ ತೊಂದರೆ. ದ್ವೀಪಕ್ಕಾದರೋ ಒಂದು ಬೇಲಿ. ನೀರು ಒಪ್ಪಿದಷ್ಟು ಜನರು ಮಾತ್ರ ಬರುತ್ತಿದ್ದರು. ಆದರೂ ಅಪಾಯವಿಲ್ಲದಿರಲಿಲ್ಲ. 1963ರಲ್ಲಿ ‘ಪೆಸಿಫಿಕ್ ಚೀಫ್ಟನ್’ ಎಂಬ ವಿಮಾನವು ಬಿರುಗಾಳಿಗೆ ಲಂಗರು ಹರಿದು, ರಿಪೇರಿಗೆ ದಕ್ಕದಂತೆ ಹಾಳಾಯಿತು. ಅದರ ಬದಲಿಗೆ ಅನ್ಸೆಟ್ ಕಂಪೆನಿಯವರು ನ್ಯೂಜಿಲೆಂಡಿನ ವಾಯುಸೇನೆಯಿಂದ ಹಳೆಯ ಸಂಡರ್‌ಲೆಂಡೊಂದನ್ನು ಕೊಂಡು, ‘ಐಲೆಂಡರ್’ ಎಂದು ಹೆಸರಿಟ್ಟು ಓಡಿಸಿದರು. ಅದೂ ‘ಬೀಚ್‌ಕೋಂಬರ್’ ಎಂಬ ಇನ್ನೊಂದೂ ಉಳಿದುವು. ಎರಡೂ ಮುದಿಯಾಗುತ್ತ ಬಂದುವು. ಹೊಸ ಜಲವಿಮಾನಗಳನ್ನು ಕಟ್ಟುವವರಿರಲಿಲ್ಲ. ಇವು ನಿಂತುಹೋದರೆ ದ್ವೀಪಕ್ಕೆ ಗತಿಯೇನು? ರೋಗಿಯನ್ನು ಸಿಡ್ನಿಯ ಆಸ್ಪತ್ರೆಗೆ ಸಾಗಿಸುವುದೂ ಇವುಗಳಿಂದಲೇ ಆಗಬೇಕಾಗಿದ್ದಿತು. ಕೊನೆಗೆ ಸೈನ್ಯದ ಎಂಜಿನಿಯರುಗಳು ಬಂದು, ಕೊಳದ ದಡದಿಂದ ಪೂರ್ವದ ಬ್ಲಿಂಕಿ ದಂಡೆಯ ಕಡೆಗೆ, ದ್ವೀಪದ ಸಣ್ಣ ನಡುವಿಗೆ ಅಡ್ಡಲಾಗಿ, ಸುಮಾರು 2,900 ಅಡಿಯ ಓಡುದಾರಿಯನ್ನು 1974ರಲ್ಲಿ ಸಿದ್ಧಗೊಳಿಸಿದರು. ಅದೇ ಸೆಪ್ಟೆಂಬರಿನಲ್ಲಿ ಜಲವಿಮಾನಗಳ ಸಂಚಾರವು ನಿಂತಿತು.

ಚಂದ್ರನ ಅಪ್ಪಣೆಯು ಬೇಡವಾದ ಮೇಲೆ ಮನುಷ್ಯರೇ ಅಪ್ಪಣೆಯನ್ನು ಬರೆಯಬೇಕಾಯಿತು. ಒಂದೇ ಕಾಲದಲ್ಲಿ ನಾನೂರಕ್ಕಿಂತ ಹೆಚ್ಚು ಪ್ರವಾಸಿಗಳು ದ್ವೀಪದಲ್ಲಿ ತಂಗಕೂಡದೆಂಬ ಕಟ್ಟಳೆಯು ಏರ್ಪಟ್ಟಿತು. ಅಲ್ಲಿಯ ನಿವಾಸಿಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೆ. ಓಡುದಾರಿಯು ಮೋಟಾಗಿರುವುದೂ ಒಂದು ಲಾಭವೆನ್ನಬೇಕು. ದೊಡ್ಡ ವಿಮಾನಗಳು ಅಲ್ಲಿ ಇಳಿಯಲಾರವು. 1982ರಲ್ಲಿ ದ್ವೀಪಸಮೂಹವು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಹಾರಲಾರದ ಕಂದುಬಣ್ಣದ ‘ವುಡ್‌ಹೆನ್’ ಹಕ್ಕಿಯು 1970ರ ದಶಕದ ಕೊನೆಗೆ ಮೂವತ್ತರಷ್ಟಕ್ಕೆ ಇಳಿದಿದ್ದಿತು. ಕೆಲವನ್ನು ಹಿಡಿದು, ಮರಿಮಾಡಿಸಿ, ಮತ್ತೆ ಕಾಡಿಗೆ ಬಿಟ್ಟು ಅದನ್ನು ಉಳಿಸಿಕೊಂಡರು. ‘ಮಕಾಂಬೋ’ ಇಳಿಸಿಹೋದ ಇಲಿಗಳ ಸಂತತಿಯನ್ನು ನಿರ್ಮೂಲ ಮಾಡುವ ಮಹಾಪ್ರಯತ್ನವು ನಡೆದದ್ದು 2019ರಲ್ಲಿ, ನೂರೊಂದು ವರ್ಷಗಳ ತರುವಾಯ. ಆಮೇಲೆ ಹಕ್ಕಿಯ ಸಂಖ್ಯೆಯು ಶೀಘ್ರವಾಗಿ ಏರಿತು.

ಜಲವಿಮಾನಗಳೆರಡೂ ಕೆರಿಬಿಯನ್ ಸಮುದ್ರದಲ್ಲಿ ಜಲವಿಮಾನಗಳನ್ನು ನಡೆಸುತ್ತಿದ್ದ ಚಾರ್ಲ್ಸ್ ಬ್ಲೇರ್ ಎಂಬ ವೈಮಾನಿಕನಿಗೆ ಮಾರಾಟವಾದುವು. ‘ಬೀಚ್‌ಕೋಂಬರ್’ ಈಗ ಇಂಗ್ಲೆಂಡಿನ ಸೌತಾಂಪ್ಟನ್ ನಗರದ ವಸ್ತುಸಂಗ್ರಹಾಲಯದ ಮಾಳಿಗೆಯ ಕೆಳಗೆ, ಒಣನೆಲದ ಮೇಲೆ ನಿಂತಿದೆ.