ಎತ್ತಿನ ಹಿಮ್ಮಡ, ಕಂಪ್ಯೂಟರಿನ ಕುದುರೆ

ಕಿತ್ತೂರು ಉತ್ಸವಕ್ಕೆ ಇನ್ನೂ ಕೆಲವು ದಿನ ಇತ್ತು. ಬೈಲಹೊಂಗಲದ ಪರಿಚಯದ ಹುಡುಗನೊಬ್ಬ ಫೋನಿನಲ್ಲಿ ಒಂದು ಅನಿಮೇಷನ್ ತೋರಿಸಿದ. ರಾಣಿ ಚನ್ನಮ್ಮ ಕುದುರೆ ಮೇಲೆ ಬರುವ ದೃಶ್ಯ. ರಾಣಿ ಚೆಂದ ಇದ್ದಳು. ಆದರೆ ಕುದುರೆ ನಡೆಯುತ್ತಿರಲಿಲ್ಲ, ಎಣ್ಣೆ ಚೆಲ್ಲಿದ ನೆಲದ ಮೇಲೆ ಜಾರುತ್ತಿತ್ತು. ಹಿಂಗಾಲು ನಡುವೆಯೇ ಪಟಕ್ಕನೆ ತಿರುಗುತ್ತಿತ್ತು.

‘ರಿಗ್ ಕೈ ಕೊಟ್ಟೈತಿ ಅಣ್ಣಾ, ಹದಿನೈದು ದಿನ ಆತು’ ಎಂದ.

ರಿಗ್ ಅಂದರೆ ಕಂಪ್ಯೂಟರ್ ಚಿತ್ರದ ಒಳಗೆ ಕೂಡಿಸುವ ಎಲುಬಿನ ಗೂಡು. ತೊಗಲು ಗೊಂಬೆಯ ಕೈಕಾಲಿಗೆ ದಾರದ ಕೀಲು ಕಟ್ಟುತ್ತಾರಲ್ಲ, ಹಾಗೆ. ಕೀಲು ತಪ್ಪಿದರೆ ಗೊಂಬೆ ಕುಣಿಯುವುದಿಲ್ಲ.

ನಾಲ್ಕು ಕಾಲಿನ ಪ್ರಾಣಿ ಹೀಗೆ ಕಾಡಿದ್ದು ಇವನೊಬ್ಬನನ್ನೇ ಅಲ್ಲ. ಓಡುವ ಕುದುರೆಯ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುವಂತೆ ಯುರೋಪಿನ ದೊಡ್ಡ ಚಿತ್ರಕಾರರೇ ಬಹಳ ಕಾಲ ಬರೆದರು. 1878ರ ಜೂನ್‌ನಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಫೋಟೋಗ್ರಾಫರ್ ಓಟದ ದಾರಿಯ ಪಕ್ಕ 12 ಕ್ಯಾಮೆರಾ ಸಾಲಾಗಿ ಇಟ್ಟ. ಓಡುತ್ತ ಬಂದ ಕುದುರೆ ಒಂದೊಂದೇ ತಂತಿಗೆ ತಾಗಿದಂತೆ ಒಂದೊಂದೇ ಫೋಟೋ ಬಿತ್ತು. ನಾಲ್ಕೂ ಕಾಲು ನೆಲ ಬಿಡುವುದು ನಿಜ, ಆದರೆ ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಕೂಡಿದಾಗ ಎಂದು ಗೊತ್ತಾಯಿತು.

1942ರಲ್ಲಿ ಡಿಸ್ನಿಯ ‘ಬ್ಯಾಂಬಿ’ ಬಂತು. ಅದರ ಜಿಂಕೆ ಬರೆಯಲು ಸ್ಟುಡಿಯೋಕ್ಕೆ ನಿಜವಾದ ಜಿಂಕೆಮರಿಗಳನ್ನೇ ತಂದಿದ್ದರು. ಆ ಚಿತ್ರಕ್ಕೆ ದುಡಿದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬೈನ ಫಿಲ್ಮ್ಸ್ ಡಿವಿಜನ್‌ಗೆ ಬಂದು ನಮ್ಮ ಕಲಾವಿದರಿಗೆ ಕಲಿಸಿದರು. ಅಲ್ಲಿಂದ 1957ರಲ್ಲಿ ಬಂದದ್ದು ‘ದಿ ಬ್ಯಾನಿಯನ್ ಡೀರ್’. ಅದೂ ಜಿಂಕೆಗಳ ಕಥೆಯೇ.

ಅಂದರೆ ಎಲ್ಲರೂ ಕೊನೆಗೆ ಪ್ರಾಣಿಯ ಮುಂದೆಯೇ ಹೋಗಿ ನಿಂತರು. ನಾವೂ ಹೋದೆವು, ಎತ್ತಿಗೆ ಲಾಳ ಹೊಡೆಯುವ ಕಾಕಾನ ಹತ್ತಿರ. ವಿಡಿಯೋ ನೋಡಿ ಕಾಕಾ ನಕ್ಕ.

‘ಹಿಂದಕ್ಕ ಬಾಗೂದು ಮೊಣಕಾಲಲ್ಲೋ ತಮ್ಮಾ, ಹಿಮ್ಮಡ. ಮೊಣಕಾಲು ಮ್ಯಾಲ ಹೊಟ್ಟಿ ಹತ್ರ ಐತಿ. ಎತ್ತಿಗೂ ಅಷ್ಟ, ಕುದರಿಗೂ ಅಷ್ಟ.’

ತಪ್ಪು ಅಲ್ಲೇ ಇತ್ತು. ಹುಡುಗ ಮನುಷ್ಯನ ಕಾಲಿನ ಕೀಲನ್ನು ಕುದುರೆಗೆ ಕೂಡಿಸಿದ್ದ. ಕಾಕಾ ಎತ್ತನ್ನು ನಡೆಸಿ ತೋರಿಸಿದ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ನಡೆಯುವಾಗ ಕಡಿಮೆಯೆಂದರೂ ಎರಡು ಕಾಲು ನೆಲದ ಮೇಲಿರುತ್ತವೆ. ಊರಿದ ಕಾಲು ಅಲ್ಲೇ ನಿಲ್ಲಬೇಕು, ಮೈ ಅದರ ಮೇಲಿಂದ ಮುಂದೆ ಸಾಗಬೇಕು. ಹುಡುಗ ಪಕ್ಕದಿಂದ ವಿಡಿಯೋ ಹಿಡಿದ. ಮೈಬ್ರಿಜ್‌ಗೆ 12 ಕ್ಯಾಮೆರಾ ಬೇಕಾಗಿದ್ದವು, ಇವನಿಗೆ ಒಂದು ಫೋನ್ ಸಾಕಾಯಿತು. ರಿಗ್ ಬಿಚ್ಚಿ ಮತ್ತೆ ಕಟ್ಟಿದ. ಕುದುರೆ ನಡೆಯಿತು.

ಬರುವಾಗ ಕಾಕಾ ಒಂದು ಮಾತು ಹೇಳಿದ. ‘ಮೊದಲ ದಿನಕ್ಕ ಹತ್ತು ಜೋಡಿ ಬರತಿದ್ವು. ಈಗ ವಾರಕ್ಕ ಒಂದು ಬಂದ್ರ ಹೆಚ್ಚು.’

ಟ್ರ್ಯಾಕ್ಟರ್ ಬಂತು, ದುಡಿಮೆ ಹಗುರಾಯಿತು, ಬೇಡ ಅನ್ನಲಾಗದು. ಆದರೆ ನಾಳೆಯ ಹುಡುಗ ಯಾವ ಕಾಲು ನೋಡಿ ಕಲಿಯಬೇಕು? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ನಿಮ್ಮ ಮನೆಯಲ್ಲಿ ಇನ್ನೂ ಜೋಡೆತ್ತು ಇದ್ದರೆ, ಅವು ನಡೆಯುವುದನ್ನು ಪಕ್ಕದಲ್ಲಿ ನಿಂತು ಹತ್ತು ಸೆಕೆಂಡ್ ವಿಡಿಯೋ ಮಾಡಿ ಇಟ್ಟುಕೊಳ್ಳಿ. ಗೊರಸು ಕಾಣುವಂತೆ ಹಿಡಿಯಿರಿ.