ಯೂರೋಪಿನ ಚಿತ್ರ, ಚೀನಾದ ಕುಂಚ

ಯೂರೋಪಿನ ಸಿರಿವಂತರ ಊಟದ ಮೇಜಿಗೆಂದು ಚೀನಾದಲ್ಲಿ ತಯಾರಾದ ಪಿಂಗಾಣಿಯ ಮಾತು ಬಂದಾಗ, ಅದರ ಮೇಲೆ ಚಿತ್ರ ಬರೆದವರನ್ನು ಬರೀ ನಕಲುಗಾರರೆಂದು ತಳ್ಳಿಹಾಕುವುದು ರೂಢಿಯಾಗಿದೆ. 16ನೆಯ ಶತಮಾನದ ಕೆಲವು ಪಾತ್ರೆಗಳಲ್ಲಿ ಪೋರ್ಚುಗಲ್ ದೊರೆಯ ಲಾಂಛನ ತಲೆಕೆಳಗಾಗಿದೆ. ಮುಂದಿನ ಕಾಲದ ತಟ್ಟೆಗಳಲ್ಲಿ ರೋಮನ್ ಅಕ್ಷರಗಳು ಎಷ್ಟೋ ಕಡೆ ತಪ್ಪಿವೆ. ತಿಳಿಯದೆ ನಕಲು ಮಾಡಿದ್ದಕ್ಕೆ ಇದಕ್ಕಿಂತ ಪುರಾವೆ ಬೇಕೆ ಎಂದು ಕೇಳುತ್ತಾರೆ. ನನಗೆ ಈ ತೀರ್ಪು ಅನ್ಯಾಯವೆನಿಸುತ್ತದೆ. ಲಿಪಿ ಬಾರದವನಿಗೆ ಅಕ್ಷರವೂ ಒಂದು ಚಿತ್ರವೇ. ಅದನ್ನು ಗೀರು ಗೀರಾಗಿ ನೋಡಿ ಬರೆದವನು ತಪ್ಪಿದ್ದು ಓದಿನಲ್ಲಿ, ಕುಂಚದಲ್ಲಿ ಅಲ್ಲ. ಲಾಂಛನದ ತಲೆ ಯಾವುದು, ಬುಡ ಯಾವುದು ಎಂಬುದನ್ನು ತಿಳಿಸಬೇಕಾಗಿದ್ದವರು ಕೆಲಸ ಒಪ್ಪಿಸಿದವರು.

ಆ ಕೆಲಸದ ಕಷ್ಟವನ್ನಾದರೂ ನೋಡಬೇಕು. ಜಿಯಾಂಗ್‌ಶಿ ಪ್ರಾಂತದ ಜಿಂಗ್‌ಡೆಝೆನ್‌ನ ಆವೆಗಳಲ್ಲಿ ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಬೆಂದ ಬಿಳಿ ಪಾತ್ರೆಗಳು ನದಿಯಲ್ಲೂ ಹೆಗಲ ಮೇಲೆ ಮೇಲಿಂಗ್ ಕಣಿವೆಯಲ್ಲೂ ಸಾಗಿ ಗುವಾಂಗ್‌ಝೌ ಬಂದರು ಸೇರುತ್ತಿದ್ದವು. 18ನೆಯ ಶತಮಾನದಲ್ಲಿ ಬಣ್ಣದ ಕೆಲಸ ಬಹುಪಾಲು ಅಲ್ಲೇ, ಹಡಗುಗಳ ಹತ್ತಿರವೇ ನಡೆಯಿತು. ಬರೆಯುವವನ ಎದುರಿಗಿರುತ್ತಿದ್ದದ್ದು ಹಲವು ಸಲ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಕಪ್ಪು ಬಿಳುಪು ಚಿತ್ರ. ಅದರ ನೆರಳುಗಳೆಲ್ಲ ಉಳಿಮೊನೆಯ ಸಣ್ಣ ಗೆರೆಗಳು. ಚಪ್ಪಟೆ ಕಾಗದದ ಆ ಗೆರೆಗಳನ್ನು ಅವನು ಬಾಗಿದ ಜಾರುಮೈಯ ಮೇಲೆ ಕುಂಚದಿಂದ ಕೂದಲೆಳೆಯಷ್ಟು ತೆಳ್ಳಗೆ ಎಳೆದ, ಬಣ್ಣ ಹಿಡಿಯಲೆಂದು ಪಾತ್ರೆಯನ್ನು ಇನ್ನೊಮ್ಮೆ ಸುಟ್ಟ. ಉಳಿ ಮಾಡಿದ್ದನ್ನು ಕುಂಚದಿಂದ ಮಾಡಿಸುವುದು ಯಾಂತ್ರಿಕ ಕೆಲಸವಲ್ಲ. ಪ್ರತಿ ಗೆರೆಗೂ ಒಂದು ತೀರ್ಮಾನ ಬೇಕು.

ಚೀನೀಯರೇ ಈ ಸರಕನ್ನು ಮೆಚ್ಚಲಿಲ್ಲವಲ್ಲ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಅದು ನಿಜವೇ. ಜಿಂಗ್‌ಡೆಝೆನ್ ಆವೆಗಳನ್ನು ಹತ್ತಿರದಿಂದ ಕಂಡ ಫ್ರೆಂಚ್ ಜೆಸೂಯಿಟ್ ಪಾದ್ರಿ ದಾಂತ್ರ್‌ಕೋಲ್ 1712ರ ಪತ್ರದಲ್ಲಿ ಇದನ್ನೇ ಹೇಳುತ್ತಾನೆ: ಯೂರೋಪಿನ ವಿಚಿತ್ರ ಮಾದರಿಗಳು ಸುಲಭವಾಗಿ ಕೈಗೂಡುವುದಿಲ್ಲ, ಸಣ್ಣ ದೋಷವಿದ್ದರೂ ವರ್ತಕರು ಬೇಡವೆನ್ನುತ್ತಾರೆ, ಊರಿನ ಅಭಿರುಚಿಗೆ ಒಗ್ಗದ ಆ ಪಾತ್ರೆಗಳು ಕೆಲಸಗಾರರ ಬಳಿಯೇ ಉಳಿಯುತ್ತವೆ. ಈ ಮಾತು ಕಲೆಯ ಕೊರತೆಗಿಂತ ಹೆಚ್ಚಾಗಿ ನಷ್ಟ ಯಾರ ತಲೆಗೆ ಬೀಳುತ್ತಿತ್ತು ಎಂಬುದನ್ನು ತೋರಿಸುತ್ತದೆ. ಒಂದು ಪಾತ್ರೆ ಎಪ್ಪತ್ತು ಕೈ ದಾಟುತ್ತಿತ್ತೆಂದೂ ಅವನು ದಾಖಲಿಸಿದ್ದಾನೆ. 1769ರಲ್ಲಿ ಗುವಾಂಗ್‌ಝೌಗೆ ಹೋಗಿದ್ದ ಇಂಗ್ಲಿಷ್ ಪ್ರವಾಸಿ ವಿಲಿಯಂ ಹಿಕ್ಕಿ ಒಂದೇ ಉದ್ದನೆಯ ಅಂಕಣದಲ್ಲಿ ನೂರಕ್ಕೂ ಹೆಚ್ಚು ಜನ ಚಿತ್ರ ಬರೆಯುವುದನ್ನು ಕಂಡ. ಅವರಲ್ಲಿ ಮುದುಕರಿದ್ದರು, ಆರೇಳು ವರ್ಷದ ಮಕ್ಕಳೂ ಇದ್ದರು.

ಮಾದರಿ ಬರೆದವರ ಹೆಸರಾದರೋ ಉಳಿದಿದೆ. 1734ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಆಮ್‌ಸ್ಟರ್‌ಡ್ಯಾಮಿನ ಕಾರ್ನೆಲಿಸ್ ಪ್ರಾಂಕ್‌ನಿಂದ ಚಿತ್ರಗಳನ್ನು ಬರೆಸಿತು. ಅವನ ಕೊಡೆ ಹಿಡಿದ ಹೆಂಗಸು ಯೂರೋಪು ಕಲ್ಪಿಸಿಕೊಂಡ ಚೀನಾದವಳು. ಅವಳನ್ನು ಪಿಂಗಾಣಿಯ ಮೇಲೆ ಮೂಡಿಸಿದ್ದು ನಿಜವಾದ ಚೀನಾದ ಕೈಗಳು. ಖರ್ಚು ಹೆಚ್ಚೆಂದು ಕೆಲವೇ ವರ್ಷಗಳಲ್ಲಿ ಕಂಪನಿ ಆ ಯೋಜನೆ ಕೈಬಿಟ್ಟಿತು. ಇಂಗ್ಲೆಂಡಿನ ಓಕೋವರ್ ಮನೆತನ ತನ್ನ ಲಾಂಛನದ ಬಣ್ಣದ ಮಾದರಿಯನ್ನು ಕಳಿಸುವಾಗ, ಅದನ್ನು ಮರಳಿ ಕೊಡಬೇಕೆಂದು ಅದರ ಮೇಲೆಯೇ ಬರೆಸಿತ್ತು. ಕಾಗದ ಮರಳಿತು, ತಟ್ಟೆಗಳೂ ಬಂದವು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಚಿತ್ರ ಚಿತ್ರಕ್ಕೆ ಹೊಂದುತ್ತದೆ. ಕಾಗದದ ಮೇಲೆ ಲೀಕ್ ಓಕೋವರನ ಹೆಸರು ಊರುಸಮೇತ ಇದೆ. ತಟ್ಟೆ ಬರೆದವನ ಹೆಸರು ಎಲ್ಲೂ ಇಲ್ಲ.